ವಾರದ ಆ 24 ಗಂಟೆ ಯಾರ ಲೆಕ್ಕದಲ್ಲಿವೆ?

ಕಾಲೇಜಿನಲ್ಲಿ ಸೀಟು ಸಿಗುವುದು ಬೇರೆ, ಕಾಲೇಜಿನಲ್ಲಿ ಪಾಠ ದಕ್ಕುವುದು ಬೇರೆ. ಮೊದಲನೆಯದರಲ್ಲಿ ಕರ್ನಾಟಕ ಸಾಕಷ್ಟು ಮುಂದಿದೆ. ಕೇಂದ್ರ ಸರ್ಕಾರದ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯಂತೆ, 18ರಿಂದ 23 ವಯಸ್ಸಿನ ಜನಸಂಖ್ಯೆಗೆ ಹೋಲಿಸಿದರೆ ಉನ್ನತ ಶಿಕ್ಷಣಕ್ಕೆ ದಾಖಲಾದವರ ಪ್ರಮಾಣ ದೇಶದಲ್ಲಿ ಶೇ 28.4, ನಮ್ಮ ರಾಜ್ಯದಲ್ಲಿ ಶೇ 36.2. ಅದೇ ವಯಸ್ಸಿನ ಪ್ರತಿ ಲಕ್ಷ ಜನರಿಗೆ 66 ಕಾಲೇಜುಗಳಿದ್ದು, ಈ ಲೆಕ್ಕದಲ್ಲಿ ಕರ್ನಾಟಕಕ್ಕೆ ಮೊದಲ ಸ್ಥಾನ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯಂಥ ಊರುಗಳಲ್ಲೂ ಈಗ ಪದವಿ ಕಾಲೇಜಿಗಾಗಿ ಬಳ್ಳಾರಿಗೋ ದಾವಣಗೆರೆಗೋ ಹೋಗಲೇಬೇಕಾದ ಅನಿವಾರ್ಯತೆ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲವಾಗಿದೆ.

ಆದರೆ ಒಳಗೆ ಬಂದ ಮೇಲೆ ಏನಾಗುತ್ತದೆ? ತರಗತಿಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಪಾಠ ತಲುಪುತ್ತಿದೆಯೇ? ಶಿಕ್ಷಣ ತಜ್ಞರು ಇದನ್ನು ಒಳಗೊಳ್ಳುವ ಬೋಧನೆ ಎಂದು ಕರೆಯುತ್ತಾರೆ. ಸರಳವಾಗಿ ಹೇಳಬೇಕೆಂದರೆ, ಯಾವ ಭಾಷೆಯ, ಯಾವ ಮನೆತನದ, ಯಾವ ದೇಹಸ್ಥಿತಿಯ ವಿದ್ಯಾರ್ಥಿಯೂ ಪಾಠದಿಂದ ಹೊರಗುಳಿಯದಂತೆ ಕಲಿಸುವುದು. ಇದನ್ನು ಸಾಮಾನ್ಯವಾಗಿ ಮೇಷ್ಟ್ರ ಒಳ್ಳೆಯತನದ ವಿಷಯವೆಂದು ನೋಡುತ್ತೇವೆ. ಅದಕ್ಕಿಂತ ಹೆಚ್ಚಾಗಿ ಇದು ಮೇಷ್ಟ್ರ ಕೆಲಸದ ಸ್ಥಿತಿಯ ವಿಷಯ. ಈ ಬೋಧನೆಗೂ ಕೆಲಸದ ಸ್ಥಿತಿಗೂ ಇರುವ ನಂಟನ್ನು ಮೇಲೆ ಹೇಳಿದ ಐದು ತಾಲ್ಲೂಕುಗಳನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ನೋಡೋಣ.

ತರಗತಿಯಲ್ಲಿ ಯಾರಿದ್ದಾರೆ?

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗದಲ್ಲಿ ಈ ತಾಲ್ಲೂಕುಗಳಿವೆ. ಬಹುಪಾಲು ಮಳೆಯಾಶ್ರಿತ ಭೂಮಿ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಕೂಡ್ಲಿಗಿ, ಹರಪನಹಳ್ಳಿಗಳು ಆ ಪಟ್ಟಿಯಲ್ಲಿದ್ದವು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನ ಭಾಗ. ಈ ಸೀಮೆಯ ನಾಲ್ಕು ವಿಧಾನಸಭಾ ಕ್ಷೇತ್ರಗಳಲ್ಲಿ ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ, ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲು. ಇಲ್ಲಿನ ಸಮಾಜದ ಸ್ವರೂಪ ಎಂಥದೆಂದು ತಿಳಿಯಲು ಇಷ್ಟೇ ಸಾಕು.

ಇಲ್ಲಿನ ಒಂದು ಬಿ.ಎ. ತರಗತಿಯಲ್ಲಿ ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಹುಡುಗಿ ಇರುತ್ತಾಳೆ. ಮನೆಯಲ್ಲಿ ಉರ್ದು ಅಥವಾ ತೆಲುಗು ಆಡುವವರು ಇರುತ್ತಾರೆ. ನಾಯಕರ ಹಟ್ಟಿ, ಗೊಲ್ಲರ ಹಟ್ಟಿಗಳಿಂದ ಬಂದು ಕುಟುಂಬದಲ್ಲೇ ಮೊದಲ ಬಾರಿಗೆ ಪದವಿ ಓದುತ್ತಿರುವವರು ಇರುತ್ತಾರೆ. ದಸರಾ, ದೀಪಾವಳಿ ಕಳೆದ ಮೇಲೆ ಅಪ್ಪ ಅಮ್ಮ ಕಬ್ಬು ಕಡಿಯಲೋ ಕಾಫಿ ತೋಟಕ್ಕೋ ಗುಳೆ ಹೋದರೆ, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವವರು ಇರುತ್ತಾರೆ. ಪದವಿಯ ಮೊದಲ ಸೆಮಿಸ್ಟರಿನ ಪರೀಕ್ಷೆಯ ತಯಾರಿ ಸಾಮಾನ್ಯವಾಗಿ ಅದೇ ಹೊತ್ತಿಗೆ ಬರುತ್ತದೆ. ಮಾಜಿ ದೇವದಾಸಿ ತಾಯಂದಿರ ಮಕ್ಕಳು ಇರುತ್ತಾರೆ. ದೇವದಾಸಿ ಸಮರ್ಪಣೆಯನ್ನು ರಾಜ್ಯ 1982ರಲ್ಲೇ ಕಾನೂನಿನಿಂದ ನಿಷೇಧಿಸಿತು. ಆದರೂ ಅರ್ಜಿಯ 'ತಂದೆಯ ಹೆಸರು' ಎಂಬ ಕಾಲಂ ಮುಂದೆ ಈ ಮಕ್ಕಳ ಪೆನ್ನು ಇಂದಿಗೂ ನಿಲ್ಲುತ್ತದೆ. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆ ತಂದೆಯ ಹೆಸರು ಕೊಡಲೇಬೇಕೆಂಬ ಒತ್ತಾಯ ಇರಬಾರದೆಂದು ಹೇಳುತ್ತದೆ. ಆದರೆ ಕಾಲೇಜಿನ ಕೌಂಟರಿನಲ್ಲಿ ಅರ್ಜಿ ತೆಗೆದುಕೊಳ್ಳುವವರಿಗೆ ಅದು ತಿಳಿದಿದ್ದರೆ ಮಾತ್ರ ಮಸೂದೆಗೆ ಅರ್ಥ.

ಅಂಗವಿಕಲ ವಿದ್ಯಾರ್ಥಿಗಳೂ ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡಬೇಕೆಂದು ಹೇಳುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಅರ್ಹರಿಗೆ ಪರೀಕ್ಷೆಯಲ್ಲಿ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ಅಂದರೆ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ಇದು ಯಾರ ಕೃಪೆಯೂ ಅಲ್ಲ, ಹಕ್ಕು.

ಒಂದು ಪಾಠ ಹೇಗೆ ನಡೆಯುತ್ತದೆ?

ಒಳಗೊಳ್ಳುವ ಬೋಧನೆ ಎಂದಾಗ ಪಾಠದ ಮಟ್ಟ ಇಳಿಸುವುದು ಎಂದು ಕೆಲವರು ಭಾವಿಸುತ್ತಾರೆ. ಹಾಗಲ್ಲವೆಂದು ತಿಳಿಯಲು ಒಂದು ಪಾಠವನ್ನೇ ನೋಡೋಣ. ಅರ್ಥಶಾಸ್ತ್ರದ ಮೊದಲ ವರ್ಷದಲ್ಲಿ 'ಬೇಡಿಕೆಯ ಸ್ಥಿತಿಸ್ಥಾಪಕತ್ವ' ಎಂಬ ಪರಿಕಲ್ಪನೆ ಬರುತ್ತದೆ. ಬೆಲೆ ಏರಿದಾಗ ಜನ ಕೊಳ್ಳುವ ಪ್ರಮಾಣ ಎಷ್ಟರಮಟ್ಟಿಗೆ ಬದಲಾಗುತ್ತದೆ ಎಂಬುದರ ಅಳತೆ ಅದು. ಪಠ್ಯದಲ್ಲಿರುವ ವ್ಯಾಖ್ಯಾನವನ್ನು ಬರೆಸಿ, ಸೂತ್ರ ಹಾಕಿ ಮುಂದೆ ಹೋದರೆ ಹತ್ತು ನಿಮಿಷದ ಕೆಲಸ. ಮೊದಲ ಎರಡು ಬೆಂಚಿನವರಿಗೆ ಅರ್ಥವಾಗಿರುತ್ತದೆ, ಉಳಿದವರು ಬಾಯಿಪಾಠಕ್ಕೆ ಇಳಿಯುತ್ತಾರೆ.

ಅದೇ ಪಾಠವನ್ನು ಹಡಗಲಿ ಮಲ್ಲಿಗೆಯಿಂದ ಶುರು ಮಾಡಬಹುದು. ಭೌಗೋಳಿಕ ಗುರುತು ಪಡೆದಿರುವ ಈ ಹೂವಿನ ವ್ಯಾಪಾರ ಅಲ್ಲಿನ ಮಕ್ಕಳಿಗೆ ಚೆನ್ನಾಗಿ ಗೊತ್ತು. ಮದುವೆಯ ದಿನ ಮಾರಿಗೆ ಇಷ್ಟೇ ಎಂದು ಹೇಳಿದ ಬೆಲೆ ದುಪ್ಪಟ್ಟಾದರೂ ಮದುವೆ ಮನೆಯವರು ಹೂ ಬಿಡುವುದಿಲ್ಲ. ಸಾಮಾನ್ಯ ದಿನ ಬೆಲೆ ಏರಿದರೆ ಒಂದು ಮೊಳ ಕೊಳ್ಳುವವರು ಅರ್ಧ ಮೊಳ ಸಾಕೆನ್ನುತ್ತಾರೆ, ಇಲ್ಲವೇ ಸುಮ್ಮನೆ ಹೋಗುತ್ತಾರೆ. ಹೂ ಒಂದೇ, ಬೆಲೆ ಏರಿದ್ದೂ ಅಷ್ಟೇ. ಕೊಳ್ಳುವವರ ನಡೆ ಮಾತ್ರ ಬೇರೆ. ಏಕೆ ಎಂದು ಪಕ್ಕದವರೊಡನೆ ಎರಡು ನಿಮಿಷ ಅವರವರ ಮಾತಿನಲ್ಲೇ ಚರ್ಚಿಸಲು ಬಿಟ್ಟು, ಆಮೇಲೆ ಸೂತ್ರ ಬರೆದರೆ ಅದು ಎಲ್ಲಿಂದ ಬಂತೆಂದು ಎಲ್ಲರಿಗೂ ತಿಳಿಯುತ್ತದೆ. ಪಾರಿಭಾಷಿಕ ಪದವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೋರ್ಡಿನ ಮೇಲೆ ಬರೆದಿಟ್ಟರೆ ಮುಂದೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೂ ನೆರವಾಗುತ್ತದೆ. ಕೊನೆಯಲ್ಲಿ ಒಂದು ಚೀಟಿಯಲ್ಲಿ 'ಅರ್ಥವಾಗದ್ದು ಏನು' ಎಂದು ಹೆಸರಿಲ್ಲದೆ ಬರೆಸಿಕೊಂಡರೆ, ಎದ್ದು ನಿಂತು ಕೇಳಲು ಸಂಕೋಚಪಡುವವರ ಪ್ರಶ್ನೆಯೂ ಮೇಷ್ಟ್ರಿಗೆ ಮುಟ್ಟುತ್ತದೆ. ಇಲ್ಲಿ ಪಾಠದ ಮಟ್ಟ ಎಲ್ಲೂ ಇಳಿದಿಲ್ಲ, ಹತ್ತುವ ಮೆಟ್ಟಿಲುಗಳು ಹೆಚ್ಚಾಗಿವೆ.

ಇನ್ನು ನೋಟ್ಸಿನ ವಿಷಯ. ಅನೇಕ ಕಡೆ ಕೈಬರಹದ ನೋಟ್ಸಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ರೂಢಿ. ದೃಷ್ಟಿ ಇಲ್ಲದ ವಿದ್ಯಾರ್ಥಿಯ ಮೊಬೈಲಿನಲ್ಲಿ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಇರುತ್ತದೆ. ಆದರೆ ಅದಕ್ಕೆ ಇಂಥ ಫೋಟೊ ಬರೀ ಚಿತ್ರ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕೊಟ್ಟರೂ ಪ್ರಯೋಜನವಿಲ್ಲ. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಡತದೊಳಗೆ ದಾಖಲಾಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಮೊಬೈಲ್ ಅವನ್ನೇ ಓದುತ್ತದೆ, ಕೇಳುವವರಿಗೆ ತಲೆಬುಡ ತಿಳಿಯುವುದಿಲ್ಲ. ಯುನಿಕೋಡ್‌ನಲ್ಲಿ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತ ಇರುವ ವ್ಯವಸ್ಥೆಯಲ್ಲಿ, ಟೈಪ್ ಮಾಡಿದ ನೋಟ್ಸ್ ಮಾತ್ರ ಸರಿಯಾಗಿ ಕೇಳಿಸುತ್ತದೆ. ಅದೇ ನೋಟ್ಸು ಬಸ್ಸಿನಲ್ಲಿ ಬರುವವರಿಗೆ, ಮನೆಗೆಲಸ ಮಾಡುತ್ತ ಕೇಳುವವರಿಗೆ, ಗುಳೆಯ ದಿನಗಳಲ್ಲಿ ತರಗತಿ ತಪ್ಪಿಸಿಕೊಂಡವರಿಗೂ ಉಪಯೋಗಕ್ಕೆ ಬರುತ್ತದೆ. ಒಬ್ಬರಿಗಾಗಿ ಮಾಡಿದ ಅನುಕೂಲ ಎಲ್ಲರಿಗೂ ಆಗುವುದು ಈ ಬೋಧನಾ ಕ್ರಮದ ಮುಖ್ಯ ತತ್ವ.

ಈ ಎರಡು ಉದಾಹರಣೆಗಳಲ್ಲೂ ದುಬಾರಿ ಯಂತ್ರಗಳಿಲ್ಲ. ಬೇಕಾಗಿರುವುದು ಸಮಯ. ಮಲ್ಲಿಗೆಯ ಉದಾಹರಣೆ ಹೆಣೆಯಲು, ಚೀಟಿಗಳನ್ನು ಓದಲು, ನೋಟ್ಸ್ ಟೈಪ್ ಮಾಡಲು, ಎರಡು ವಾರ ಬಾರದ ಹುಡುಗನ ಮನೆಗೆ ಫೋನ್ ಮಾಡಲು ತರಗತಿಯ ಹೊರಗೆ ಸಮಯ ಬೇಕು.

ಸಮಯದ ಲೆಕ್ಕ

ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2018ರ ನಿಯಮಾವಳಿಯಲ್ಲಿ ಈ ಸಮಯವನ್ನು ಲೆಕ್ಕಕ್ಕೆ ತಂದಿದೆ. ಪೂರ್ಣಾವಧಿ ಅಧ್ಯಾಪಕರ ಕೆಲಸ ವಾರಕ್ಕೆ ಕನಿಷ್ಠ 40 ಗಂಟೆ. ಅದರಲ್ಲಿ ಸಹಾಯಕ ಪ್ರಾಧ್ಯಾಪಕರು ನೇರವಾಗಿ ಪಾಠ ಮಾಡಬೇಕಾದದ್ದು 16 ಗಂಟೆ. ಉಳಿದ 24 ಗಂಟೆ ತಯಾರಿಗೆ, ಮೌಲ್ಯಮಾಪನಕ್ಕೆ, ಓದಿಗೆ, ಸಂಶೋಧನೆಗೆ ಮತ್ತು ವಿದ್ಯಾರ್ಥಿಗಳ ಮಾರ್ಗದರ್ಶನಕ್ಕೆ. ಒಂದು ಗಂಟೆಯ ಪಾಠದ ಹಿಂದೆ ಒಂದೂವರೆ ಗಂಟೆಯ ಕೆಲಸ ಇದೆ ಎಂದು ನಿಯಮವೇ ಒಪ್ಪಿದಂತಾಯಿತು. ಒಳಗೊಳ್ಳುವ ಬೋಧನೆಯ ಬಹುಪಾಲು ಕೆಲಸ ನಡೆಯುವುದು ಈ 24 ಗಂಟೆಯಲ್ಲೇ.

ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರದು. ರಾಜ್ಯದಲ್ಲಿ ಇವರ ಸಂಖ್ಯೆ 10 ಸಾವಿರಕ್ಕೂ ಹೆಚ್ಚು. ಇವರ ನೇಮಕ ಹೇಗೆ ಆಗುತ್ತದೆಂದು ತಿಳಿದರೆ ಸಮಸ್ಯೆಯ ಬೇರು ಸಿಗುತ್ತದೆ. ಪ್ರತಿ ವಿಭಾಗದಲ್ಲಿ ವಾರಕ್ಕೆ ಒಟ್ಟು ಎಷ್ಟು ಗಂಟೆ ಪಾಠವಿದೆ ಎಂದು ಮೊದಲು ಲೆಕ್ಕ ಹಾಕುತ್ತಾರೆ. ಇದಕ್ಕೆ ಕಾರ್ಯಭಾರ ಎಂದು ಹೆಸರು. ಉದಾಹರಣೆಗೆ ಒಂದು ವಿಭಾಗದ ಕಾರ್ಯಭಾರ 40 ಗಂಟೆ ಎಂದಿಟ್ಟುಕೊಳ್ಳಿ. ಕಾಯಂ ಅಧ್ಯಾಪಕರೊಬ್ಬರು 16 ಗಂಟೆ ತೆಗೆದುಕೊಂಡರೆ 24 ಗಂಟೆ ಉಳಿಯಿತು. ಅದರಲ್ಲಿ 15 ಗಂಟೆ ಒಬ್ಬ ಅತಿಥಿ ಉಪನ್ಯಾಸಕರಿಗೆ, ಮಿಕ್ಕ 9 ಗಂಟೆ ಕಡಿಮೆ ಗೌರವಧನಕ್ಕೆ ಇನ್ನೊಬ್ಬರಿಗೆ. ವರ್ಷದ ಮಧ್ಯೆ ಕಾಯಂ ಅಧ್ಯಾಪಕರು ಇನ್ನೊಬ್ಬರು ವರ್ಗವಾಗಿ ಬಂದರೆ ಅವರಿಗೂ 16 ಗಂಟೆ ಹೋಗುತ್ತದೆ. ಉಳಿಯುವುದು 8 ಗಂಟೆ. 15 ಗಂಟೆಯವರು ಕಾಲೇಜು ಬಿಡಬೇಕು, ಇಲ್ಲವೇ ಅರ್ಧ ಕೆಲಸಕ್ಕೆ ಒಪ್ಪಬೇಕು. ಅವರು ಹೆಸರು ಹಿಡಿದು ಕರೆಯಲು ಕಲಿತಿದ್ದ ವಿದ್ಯಾರ್ಥಿಗಳು ಮತ್ತೆ ಹೊಸಬರ ಮುಂದೆ ಕೂರುತ್ತಾರೆ.

ಗೌರವಧನದ ಕಥೆಯನ್ನೂ ನೋಡಬೇಕು. 2022ರ ಜನವರಿಯವರೆಗೆ ಇವರಿಗೆ ತಿಂಗಳಿಗೆ ಸಿಗುತ್ತಿದ್ದುದು ಅರ್ಹತೆಗೆ ತಕ್ಕಂತೆ 11 ಸಾವಿರ ಇಲ್ಲವೇ 13 ಸಾವಿರ ರೂಪಾಯಿ. ಆಗ ಸರ್ಕಾರ ಅದನ್ನು 26 ಸಾವಿರದಿಂದ 32 ಸಾವಿರದವರೆಗೆ ಏರಿಸಿತು. ಇದು ದೊಡ್ಡ ಹೆಜ್ಜೆ, ಸಂದೇಹವಿಲ್ಲ. ಆದರೆ ಜೊತೆಯಲ್ಲೇ ಒಬ್ಬೊಬ್ಬರ ಕಾರ್ಯಭಾರವನ್ನು 8-10 ಗಂಟೆಯಿಂದ 15 ಗಂಟೆಗೆ ಹೆಚ್ಚಿಸಲಾಯಿತು. ಒಟ್ಟು ಪಾಠದ ಗಂಟೆಗಳು ಅಷ್ಟೇ ಇದ್ದುದರಿಂದ ಕೆಲವರಿಗೆ ಸಂಬಳ ಹೆಚ್ಚಿತು, ಕೆಲವರಿಗೆ ಕೆಲಸವೇ ಹೋಯಿತು. 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ಮುಷ್ಕರ ನಡೆದು, 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು. ಸೇವಾವಧಿಗೆ ತಕ್ಕಂತೆ 5ರಿಂದ 8 ಸಾವಿರ ರೂಪಾಯಿ ಹೆಚ್ಚಳ, ಆರೋಗ್ಯ ವಿಮೆ, 60 ವರ್ಷ ತುಂಬಿದವರಿಗೆ ಇಡುಗಂಟು ಘೋಷಣೆಯಾದವು. ಮುಖ್ಯ ಬೇಡಿಕೆಯಾದ ಕಾಯಮಾತಿ ಈಡೇರಲಿಲ್ಲ. ಯುಜಿಸಿ 2019ರಲ್ಲಿ ಅತಿಥಿ ಅಧ್ಯಾಪಕರಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿಯಂತೆ ತಿಂಗಳಿಗೆ 50 ಸಾವಿರದವರೆಗೆ ಕೊಡಬಹುದೆಂದು ಹೇಳಿದೆ. 2018ರ ನಿಯಮಾವಳಿಯಂತೆ ಗುತ್ತಿಗೆ ಅಧ್ಯಾಪಕರ ಪ್ರಮಾಣ ಒಟ್ಟು ಹುದ್ದೆಗಳ ಶೇ 10ನ್ನು ಮೀರಬಾರದು.

ಗೌರವಧನದ ಮೊತ್ತಕ್ಕಿಂತಲೂ ಅದರ ಅಳತೆಗೋಲು ಇಲ್ಲಿ ಮುಖ್ಯ. ಕಾಯಂ ಅಧ್ಯಾಪಕರ ಕೆಲಸವನ್ನು 40 ಗಂಟೆಯ ವಾರವೆಂದು ಅಳೆಯುವ ವ್ಯವಸ್ಥೆ, ಅತಿಥಿ ಉಪನ್ಯಾಸಕರ ಕೆಲಸವನ್ನು ತರಗತಿಯ 15 ಗಂಟೆಯಿಂದ ಮಾತ್ರ ಅಳೆಯುತ್ತದೆ. ಪಾಠ ಬಹುತೇಕ ಸಮ, ಆದರೆ ಪಾಠದ ಹಿಂದಿನ ಗಂಟೆಗಳು ಅವರ ಲೆಕ್ಕದಲ್ಲಿಲ್ಲ. ರಜೆಯ ತಿಂಗಳುಗಳಲ್ಲಿ ಗೌರವಧನವೂ ಇಲ್ಲ. ಹಾಗಾಗಿ ಅನೇಕರು ಇನ್ನೊಂದು ಕಾಲೇಜು, ಟ್ಯೂಷನ್, ಹೊಲ, ಅಂಗಡಿ ಎಂದು ಎರಡನೇ ದುಡಿಮೆ ನೋಡಿಕೊಳ್ಳಬೇಕಾಗುತ್ತದೆ. ಇಷ್ಟಾದರೂ ಬಿಡುವಿನ ಹೊತ್ತಿನಲ್ಲಿ ಹಿಂದುಳಿದವರಿಗೆ ಪಾಠ ಹೇಳುವವರು ಇವರಲ್ಲಿ ಕಡಿಮೆಯಿಲ್ಲ. ಅದು ಅವರ ದೊಡ್ಡತನ. ಒಂದು ಜಿಲ್ಲೆಯ ಉನ್ನತ ಶಿಕ್ಷಣವನ್ನು ಕೆಲವರ ದೊಡ್ಡತನದ ಮೇಲೆ ಕಟ್ಟಲಾಗದು.

ಕಾಯಂ ಅಧ್ಯಾಪಕರ ಪಾಡು

ಹಾಗಾದರೆ ಕಾಯಂ ಅಧ್ಯಾಪಕರ ಆ 24 ಗಂಟೆ ಎಲ್ಲಿ ಹೋಗುತ್ತವೆ? ಕಾಯಂ ನೌಕರರು ಕಡಿಮೆ ಇರುವಲ್ಲಿ ಜವಾಬ್ದಾರಿ ಹೊರಬೇಕಾದ ಎಲ್ಲ ಕೆಲಸವೂ ಅವರ ತಲೆಗೇ ಬರುತ್ತದೆ. ಪ್ರವೇಶ ಸಮಿತಿ, ವಿದ್ಯಾರ್ಥಿವೇತನದ ಪರಿಶೀಲನೆ, ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರವೇಶ ಮತ್ತು ಅಂಕಗಳ ದಾಖಲಾತಿ, ಎನ್‌ಎಸ್‌ಎಸ್, ನ್ಯಾಕ್ ಮೌಲ್ಯಾಂಕನಕ್ಕೆ ಕಡತಗಳ ತಯಾರಿ, ಪರೀಕ್ಷಾ ಕೆಲಸ, ಚುನಾವಣೆ ಬಂದರೆ ಮತಗಟ್ಟೆ ಕೆಲಸ. ಇದರ ಜೊತೆಗೆ ಪಠ್ಯಕ್ರಮದ ಬದಲಾವಣೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿಯ ಸ್ವರೂಪ ಬದಲಾಯಿತು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂತು. ಆ ವರ್ಷ ಮೊದಲ ವರ್ಷದವರಿಗೆ ಒಂದು ಪಠ್ಯಕ್ರಮ, ಮೇಲಿನ ತರಗತಿಯವರಿಗೆ ಇನ್ನೊಂದು. ಪ್ರತಿ ಬದಲಾವಣೆಗೂ ತನ್ನ ಕಾರಣಗಳಿರಬಹುದು. ಆದರೆ ಪಠ್ಯಕ್ರಮ ಬದಲಾದಾಗಲೆಲ್ಲ ಹಳೆಯ ನೋಟ್ಸು, ಹೆಣೆದ ಉದಾಹರಣೆಗಳು, ಪ್ರಶ್ನೆ ಭಂಡಾರ ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ದೊಡ್ಡ ನಗರದಲ್ಲಿ ಒಂದು ವಿಭಾಗದ ಐದಾರು ಜನ ಈ ಕೆಲಸ ಹಂಚಿಕೊಳ್ಳುತ್ತಾರೆ. ವಿಭಾಗಕ್ಕೆ ಒಬ್ಬರೇ ಇರುವ ಊರಿನಲ್ಲಿ ಹಂಚಿಕೊಳ್ಳಲು ಯಾರಿದ್ದಾರೆ?

ಕಾಯಂ ಹುದ್ದೆಗಳನ್ನು ತುಂಬುವ ಪ್ರಶ್ನೆ ಎದ್ದಾಗ 371ಜೆ ವಿಧಿಯ ಮಾತು ಬರುತ್ತದೆ. 2012ರ 98ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಈ ವಿಧಿ, ವಿಜಯನಗರ ಜಿಲ್ಲೆಯೂ ಸೇರಿದ ಕಲ್ಯಾಣ ಕರ್ನಾಟಕದ ಜನರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿ ಕೊಟ್ಟಿದೆ. 1997ರಲ್ಲಿ ಈ ಭಾಗದ ಹೊರಗಿನ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ ಹರಪನಹಳ್ಳಿ ಈ ಸೌಲಭ್ಯಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. 371ಜೆ ವಿಧಿಯಂತೆ ಈ ಭಾಗದ ಗ್ರೂಪ್ ಎ ಮತ್ತು ಬಿ ಹುದ್ದೆಗಳಲ್ಲಿ ಶೇ 75ರಷ್ಟು ಸ್ಥಳೀಯರಿಗೆ. ತಾಂಡಾದ, ಹಟ್ಟಿಯ ಮಕ್ಕಳಿಗೆ ಪಾಠ ಹೇಳಲು ಅದೇ ನೆಲದ, ಅದೇ ಮಾತು ಬಲ್ಲ ಅಧ್ಯಾಪಕರು ಸಿಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಮೀಸಲಾತಿ ಅನ್ವಯವಾಗುವುದು ನೇಮಕಾತಿ ನಡೆದಾಗ ಮಾತ್ರ. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅಧಿಸೂಚನೆ ಹೊರಟು, ಪರೀಕ್ಷೆ ನಡೆದದ್ದು 2022ರ ಮಾರ್ಚಿನಲ್ಲಿ. ಆಯ್ಕೆಯಾದವರು ಕಾಲೇಜಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಇನ್ನೂ ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ಮೊದಲ ವರ್ಷಕ್ಕೆ ಸೇರಿದ ವಿದ್ಯಾರ್ಥಿ ಪದವಿ ಮುಗಿಸುವ ಹೊತ್ತಾಗಿರುತ್ತದೆ.

ಎರಡು ಆಕ್ಷೇಪಗಳು

ಅತಿಥಿ ಉಪನ್ಯಾಸಕರಿಗೆ ಸೇವಾ ಭದ್ರತೆ ಬೇಕೆಂದಾಗ ಎರಡು ಆಕ್ಷೇಪ ಕೇಳಿಬರುತ್ತವೆ. ಅವರೆಲ್ಲರೂ ನೆಟ್, ಸ್ಲೆಟ್ ಎಂಬ ಅರ್ಹತಾ ಪರೀಕ್ಷೆ ಅಥವಾ ಪಿಎಚ್.ಡಿ. ಮುಗಿಸಿದವರಲ್ಲ, ಅರ್ಹತೆ ಇಲ್ಲದವರನ್ನು ಮುಂದುವರಿಸುವುದು ಮಕ್ಕಳಿಗೆ ಅನ್ಯಾಯವಲ್ಲವೇ ಎಂಬುದು ಮೊದಲ ಆಕ್ಷೇಪ. ಯುಜಿಸಿ ಅರ್ಹತೆ ಬೇಕೆನ್ನುವುದು ಸರಿಯಾದ ಮಾತೇ. ಆದರೆ ಹತ್ತು ಹದಿನೈದು ವರ್ಷ ಇವರನ್ನು ದುಡಿಸಿಕೊಂಡದ್ದು ವ್ಯವಸ್ಥೆಯೇ. ಅರ್ಹತೆ ಪಡೆಯಲು ಅವರಿಗೆ ನಿಗದಿತ ಕಾಲಾವಕಾಶ, ಓದಿಗೆ ರಜೆ, ಗ್ರಂಥಾಲಯದ ಸೌಲಭ್ಯ ಕೊಟ್ಟು ನೋಡುವುದು ವಿವೇಕದ ದಾರಿ.

ಎರಡನೆಯದು ಹಣದ ಪ್ರಶ್ನೆ. ಎಲ್ಲರ 40 ಗಂಟೆಗೂ ಸಂಬಳ ಕೊಡಲು ಬೊಕ್ಕಸಕ್ಕೆ ಸಾಧ್ಯವೇ ಎಂದು ಕೇಳುವುದು ತಪ್ಪಲ್ಲ. ಒಂದೇ ಏಟಿಗೆ ಆಗದಿರಬಹುದು. ಹಂತ ಹಂತವಾಗಿ ಆಗಬಹುದಾದ, ಹೆಚ್ಚು ಖರ್ಚಿಲ್ಲದ ಕೆಲಸಗಳೂ ಇವೆ. ಅತಿಥಿ ಉಪನ್ಯಾಸಕರ 15 ಗಂಟೆಯ ಕಾರ್ಯಭಾರದಲ್ಲಿ ಎರಡು ಗಂಟೆಯನ್ನು ವಿದ್ಯಾರ್ಥಿ ಮಾರ್ಗದರ್ಶನವೆಂದು ಲೆಕ್ಕ ಹಿಡಿಯಬಹುದು. ತರಗತಿ ಆರಂಭವಾಗುವ ಮೊದಲೇ ನೇಮಕ ಮುಗಿಸಿ, ವರ್ಷದ ಮಧ್ಯೆ ವರ್ಗಾವಣೆಯಿಂದ ಪಾಠ ಕಡಿಯದಂತೆ ನೋಡಿಕೊಳ್ಳಬಹುದು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಪ್ರತಿ ವಿಷಯಕ್ಕೂ ಯುನಿಕೋಡ್ ಕನ್ನಡದಲ್ಲಿ ನೋಟ್ಸ್ ಭಂಡಾರ ಕಟ್ಟಿ ಎಲ್ಲ ಕಾಲೇಜುಗಳಿಗೂ ಕೊಟ್ಟರೆ, ಐದು ತಾಲ್ಲೂಕಿನ ಐವರು ಒಂದೇ ಪಾಠವನ್ನು ಬೇರೆ ಬೇರೆಯಾಗಿ ಟೈಪ್ ಮಾಡುವುದು ತಪ್ಪುತ್ತದೆ. ಅದಕ್ಕೆ ದುಡಿದವರಿಗೆ ಹೆಸರೂ ಸಂಭಾವನೆಯೂ ಸಿಗಬೇಕು.

ಒಳಗೊಳ್ಳುವ ಬೋಧನೆಯ ಬಗ್ಗೆ ಕಾರ್ಯಾಗಾರಗಳು ನಡೆಯುತ್ತವೆ, ಸುತ್ತೋಲೆಗಳು ಬರುತ್ತವೆ. ಅವು ಬೇಡವೆನ್ನಲಾಗದು. ಆದರೆ ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂದು ತಿಳಿಯದವರಿಗೆ ಪ್ರತಿ ವಿದ್ಯಾರ್ಥಿಯನ್ನೂ ಮೂರು ವರ್ಷ ಕೈಹಿಡಿದು ನಡೆಸಿ ಎಂದು ಹೇಳುವುದು ನ್ಯಾಯವಲ್ಲ. ಮೇಷ್ಟ್ರನ್ನೇ ವ್ಯವಸ್ಥೆಯ ಹೊರಗಿಟ್ಟು, ಮಕ್ಕಳನ್ನು ಒಳಗೊಳ್ಳಿ ಎಂದರೆ ಆ ಕೆಲಸ ಆಗದು. ಈ ಭಾಗದ ಪೋಷಕರು, ಶಾಸಕರು, ಕಾಲೇಜು ಅಭಿವೃದ್ಧಿ ಸಮಿತಿಯವರು ಹೊಸ ಕಟ್ಟಡಕ್ಕೆ ಕೇಳುವಷ್ಟೇ ಗಟ್ಟಿಯಾಗಿ ಈ ಪ್ರಶ್ನೆಯನ್ನೂ ಕೇಳಬೇಕು: ನಮ್ಮ ಕಾಲೇಜಿನಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಯಾವಾಗ ತುಂಬುತ್ತೀರಿ, ಅಲ್ಲಿಯವರೆಗೆ ಪಾಠ ಹೇಳುತ್ತಿರುವವರ ಪೂರ್ತಿ ಕೆಲಸವನ್ನು ಕೆಲಸವೆಂದು ಯಾವಾಗ ಒಪ್ಪುತ್ತೀರಿ?